ಗಣಿಯ ಕಾವು, ಹಂಡೆಯ ಕಾವು

ದುಡಿದು ಮನೆಗೆ ಬಂದ ಗಂಡಸಿಗೆ ಕೋಲಾರದ ಸೀಮೆಯಲ್ಲಿ ಹಿಂದೆ ಸಲ್ಲುತ್ತಿದ್ದ ಮೊದಲ ಉಪಚಾರವೆಂದರೆ ನೀರೊಲೆಯ ಮೇಲೆ ಕಾದಿರುವ ಹಂಡೆಯ ನೀರು. ಊಟ, ಮಾತು, ಮಕ್ಕಳ ಕಲರವ ಎಲ್ಲವೂ ಅದರ ತರುವಾಯ. ಮೈಕೈ ನೋವು ಹೆಚ್ಚಾಗಿದ್ದ ದಿನ ಹಂಡೆಯೊಳಗೆ ಒಂದು ಹಿಡಿ ಹುಣಸೆಯ ಸೊಪ್ಪೋ ಲಕ್ಕಿಯ ಸೊಪ್ಪೋ ಬೀಳುತ್ತಿತ್ತು. ಶನಿವಾರ ಬಂದಿತೆಂದರೆ ಹರಳೆಣ್ಣೆ, ಸೀಗೆಕಾಯಿ. ದೀಪಾವಳಿಯ ಮುನ್ನಾದಿನ ಹಂಡೆಯನ್ನು ಬೆಳಗಿ, ಕೆಮ್ಮಣ್ಣು ಸುಣ್ಣಗಳಿಂದ ಅಲಂಕರಿಸಿ, ನೀರು ತುಂಬುವುದನ್ನೇ ಒಂದು ಹಬ್ಬವೆಂದು ಕರೆದ ಜನ ನಮ್ಮವರು. ಬಿಸಿನೀರು ದಣಿವನ್ನು ಕಳೆಯುತ್ತದೆಂಬುದನ್ನು ಅವರಿಗೆ ಯಾವ ವೈದ್ಯಶಾಸ್ತ್ರವೂ ಬಂದು ಹೇಳಬೇಕಾಗಿರಲಿಲ್ಲ.

ಇಂಥ ಊರುಗಳಲ್ಲಿ ಒಂದು ಕ್ಯಾಸಂಬಳ್ಳಿ. 1947ರಿಂದ 1952ರವರೆಗೆ ಮೈಸೂರಿನ ಪ್ರಥಮ ಮುಖ್ಯಮಂತ್ರಿಗಳಾಗಿದ್ದ ಕೆ. ಸಿ. ರೆಡ್ಡಿಯವರ ಹೆಸರಿನ ಮೊದಲ ಅಕ್ಷರ ಈ ಊರಿನದು. ಉಳಿದಂತೆ ಇದು ಬಯಲುಸೀಮೆಯ ಇತರ ಊರುಗಳ ಹಾಗೆಯೇ ರಾಗಿಯ ಹೊಲ, ಹುಣಸೆಯ ಮರ, ಮಳೆಗಾಗಿ ಮುಗಿಲನ್ನು ನೋಡುವ ಕಣ್ಣುಗಳ ಊರು. ಆದರೆ ಇದರ ನೆರೆಯಲ್ಲಿಯೇ ಕೋಲಾರದ ಚಿನ್ನದ ಗಣಿಗಳಿದ್ದವು. ಆ ಗಣಿಗಳಿಂದಾಗಿ ಈ ಸೀಮೆಯ ಜನಕ್ಕೆ ಕಾವಿನ ಎರಡು ಮುಖಗಳ ಪರಿಚಯವಾಯಿತು. ಒಂದು, ಮನುಷ್ಯನನ್ನು ಬೇಯಿಸುವ ಭೂಗರ್ಭದ ಕಾವು. ಇನ್ನೊಂದು, ಬೆಂದ ಮನುಷ್ಯನನ್ನು ಸಂತೈಸುವ ಹಂಡೆಯ ಕಾವು.

ನೆಲದೊಳಗಿನ ಒಲೆ

ಜಾನ್ ಟೇಲರ್ ಸಂಸ್ಥೆಯವರು 1880ರಲ್ಲಿ ಇಲ್ಲಿ ಕಾಲಿಟ್ಟಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ ಸುಮಾರು 800 ಟನ್ನು ಚಿನ್ನ ಈ ನೆಲದಿಂದ ಮೇಲೆ ಬಂದಿತು. ಚಿನ್ನದ ಎಳೆಯನ್ನು ಹಿಂಬಾಲಿಸುತ್ತ ಮನುಷ್ಯ ಕೆಳಕ್ಕೆ, ಇನ್ನೂ ಕೆಳಕ್ಕೆ ಇಳಿದ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿಲೋಮೀಟರು; ಪ್ರಪಂಚದ ಅತ್ಯಂತ ಆಳವಾದ ಗಣಿಗಳಲ್ಲಿ ಅದೂ ಒಂದೆಂಬ ಖ್ಯಾತಿ ಪಡೆದಿದ್ದಿತು.

ಭೂಮಿಯ ಒಳಗೆ ಇಳಿದಂತೆ ಶಾಖ ಏರುತ್ತದೆ. ಕೋಲಾರದ ಬಂಡೆ ಬಹು ಪುರಾತನವಾದುದು. ಅದರ ವಯಸ್ಸು ಸುಮಾರು 270 ಕೋಟಿ ವರ್ಷ. ಆದುದರಿಂದ ಇಲ್ಲಿ ಶಾಖದ ಏರಿಕೆ ಬೇರೆಡೆಗಳಿಗಿಂತ ಮಂದ. ಅನೇಕ ಕಡೆ ಕಿಲೋಮೀಟರಿಗೆ 25–30 ಡಿಗ್ರಿ ಸೆಲ್ಸಿಯಸ್ ಏರಿದರೆ ಇಲ್ಲಿ ಏರುವುದು ಅದರ ಅರ್ಧದಷ್ಟು ಮಾತ್ರ. ಹಾಗಿದ್ದರೂ ಗಣಿಯ ತಳದಲ್ಲಿ ಬಂಡೆಯ ಶಾಖ ಸುಮಾರು 66 ಡಿಗ್ರಿಯನ್ನು ಮುಟ್ಟಿದ್ದಿತು. ಅಂಥ ಬಂಡೆಯ ಮೇಲೆ ಬರಿಗೈ ಇರಿಸಿದರೆ ಬೊಬ್ಬೆ ಏಳುತ್ತದೆ. ಗಾಳಿಯನ್ನು ಯಂತ್ರದಿಂದ ತಂಪುಗೊಳಿಸಿ ಕೆಳಗೆ ಇಳಿಸದೆ ಅಲ್ಲಿ ಕೆಲಸ ಸಾಧ್ಯವೇ ಇರಲಿಲ್ಲ.

ಬಿಸಿಲಿನಲ್ಲಿ ದುಡಿಯುವ ರೈತನಿಗೆ ಬೆವರು ಮಿತ್ರ. ಬೆವರು ಆವಿಯಾಗಿ ಹಾರುವಾಗ ಮೈಯ ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ಆಳದ ಗಣಿಗಳಲ್ಲಾದರೋ ಗಾಳಿಯಲ್ಲಿ ಪಸೆ ಹೆಚ್ಚಿದಾಗ ಬೆವರು ಹಾರುವುದಿಲ್ಲ. ಮೈಯಿಂದ ಸುಮ್ಮನೆ ಇಳಿದುಹೋಗುತ್ತದೆ. ಒಳಗಿನ ಶಾಖ ಒಳಗೇ ಉಳಿಯುತ್ತದೆ. ಇದರ ಜೊತೆಗೆ ಶಿಲಾಸ್ಫೋಟದ ಅಂಜಿಕೆ. ಮೇಲಿನ ಬಂಡೆಯ ಭಾರವನ್ನು ತಾಳಲಾರದೆ ಗಣಿಯ ಗೋಡೆ ಯಾವ ಸೂಚನೆಯೂ ಇಲ್ಲದೆ ಸಿಡಿಯುವ ಈ ಉತ್ಪಾತ ಕೋಲಾರದ ಗಣಿಗಳಿಗೆ ಅಂಟಿಕೊಂಡ ಶಾಪವಾಗಿದ್ದಿತು. ಪಾಳಿ ಮುಗಿಸಿ ಪಂಜರವೇರಿ ಹಗಲ ಬೆಳಕಿಗೆ ಬಂದವನ ದಣಿವು ತೋಳು ತೊಡೆಗಳದಷ್ಟೇ ಆಗಿರಲಿಲ್ಲ. ಎಂಟು ಗಂಟೆಗಳ ಕಾಲ ಕಿವಿಯನ್ನು ಬಂಡೆಯ ಕಡೆಗೇ ಇಟ್ಟ ಮನಸ್ಸಿನ ದಣಿವೂ ಆಗಿದ್ದಿತು.

ಕಾದು ಬಂದ ನೀರು

ಗಣಿಗಾರನಿಗೆ ವೈರಿಯಾದ ಅದೇ ಭೂಶಾಖ ಬೇರೆ ನಾಡುಗಳಲ್ಲಿ ತೀರ್ಥವೆಂದು ಪೂಜೆಗೊಂಡಿರುವುದು ಸೋಜಿಗದ ಸಂಗತಿ. ಮಳೆಯ ನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳಕ್ಕೆ ಇಂಗಿ, ಅಲ್ಲಿ ಕಾದು, ಬೇರೊಂದು ಬಿರುಕಿನ ದಾರಿಯಾಗಿ ತಣಿಯುವ ಮೊದಲೇ ಮೇಲಕ್ಕೆ ಬಂದರೆ ಅದೇ ಬಿಸಿನೀರಿನ ಬುಗ್ಗೆ. ಬಿಸಿಯಾದ ನೀರು ಕಲ್ಲನ್ನು ಹೆಚ್ಚು ಕರಗಿಸುವುದರಿಂದ ಅದರಲ್ಲಿ ಗಂಧಕ, ಸುಣ್ಣ, ಸೋಡಿಯಂ, ಮೆಗ್ನೀಸಿಯಂ ಮೊದಲಾದ ಖನಿಜಗಳು ಬೆರೆಯುತ್ತವೆ. ಇಂಗ್ಲೆಂಡಿನ ಬಾತ್, ಹಂಗೇರಿಯ ಬುಡಾಪೆಸ್ಟ್, ಜಪಾನಿನ ಊರೂರಿನ ಬಿಸಿ ಕೊಳಗಳು ಈ ಬಗೆಯವು.

ಕರ್ನಾಟಕದಲ್ಲಿ ಇದಕ್ಕೆ ಉದಾಹರಣೆ ಬೇಕೆಂದರೆ ಕೋಲಾರದಿಂದ ಪಡುವಣ ಕರಾವಳಿಯವರೆಗೆ ಸಾಗಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ತಾಲ್ಲೂಕಿನ ಇರ್ದೆ ಗ್ರಾಮದಲ್ಲಿ, ಕಾಸರಗೋಡಿನ ಗಡಿಗೆ ಬಹು ದೂರವಲ್ಲದ ಕಡೆ, ಬೆಂದ್ರು ತೀರ್ಥವಿದೆ. ತುಳುವಿನಲ್ಲಿ ಬೆಂದ್ರು ಎಂದರೆ ಬಿಸಿನೀರು. ಗಂಧಕದ ವಾಸನೆಯ ಈ ನೀರಿನಲ್ಲಿ ಮಿಂದರೆ ಚರ್ಮದ ರೋಗಗಳು ಗುಣವಾಗುತ್ತವೆಂಬುದು ಆ ಕಡೆಯ ಜನರ ನಂಬಿಕೆ. ಕೋಲಾರದವರ ಪಾಲಿಗೆ ಬಂದದ್ದು ಶತಶೃಂಗ ಪರ್ವತದ ಅಂತರಗಂಗೆ. ಅಲ್ಲಿ ಕಲ್ಲಿನ ಬಸವನ ಬಾಯಿಂದ ಸುರಿಯುವ ನೀರು ತಣ್ಣೀರು. ಬಿಸಿನೀರನ್ನು ದೈವ ಕೊಡಲಿಲ್ಲವಾಗಿ ಇಲ್ಲಿನ ಜನ ಅದನ್ನು ಸೌದೆ ಉರಿಸಿ ತಾವೇ ಮಾಡಿಕೊಂಡರು.

ಹಾಗಾದರೆ ಖನಿಜವಿಲ್ಲದ ಹಂಡೆಯ ನೀರು ಬುಗ್ಗೆಯ ನೀರಿಗಿಂತ ಕೀಳೇ? ಚರ್ಮದ ಕೆಲವು ತೊಂದರೆಗಳಿಗೆ ಗಂಧಕ ಉಪಯುಕ್ತವೆಂಬುದು ನಿಜ. ಆದರೆ ದಣಿವಿನ ಮಾತು ಬೇರೆ. 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಪ್ಸಂ ಎಂಬಲ್ಲಿನ ಬುಗ್ಗೆಯಿಂದ ಹೆಸರಾದ ಎಪ್ಸಂ ಲವಣವನ್ನು, ಎಂದರೆ ಮೆಗ್ನೀಸಿಯಂ ಸಲ್ಫೇಟನ್ನು, ಸ್ನಾನದ ನೀರಿಗೆ ಹಾಕುವುದು ಇಂದಿಗೂ ರೂಢಿಯಲ್ಲಿದೆ. ಅದು ಚರ್ಮದ ಮೂಲಕ ಸಾಕಷ್ಟು ಪ್ರಮಾಣದಲ್ಲಿ ಮೈಗೆ ಇಳಿಯುತ್ತದೆಂಬುದಕ್ಕೆ ಗಟ್ಟಿಯಾದ ಪ್ರಮಾಣ ಮಾತ್ರ ದೊರೆತಿಲ್ಲ. ಆರೋಗ್ಯವಂತನ ಚರ್ಮ ನೀರನ್ನೂ ಉಪ್ಪನ್ನೂ ಹೊರಗಿರಿಸುವ ಭದ್ರವಾದ ಗೋಡೆ. ದಣಿವನ್ನು ಕಳೆಯುವ ಕೆಲಸ ಬಹುಮಟ್ಟಿಗೆ ನೀರಿನದೇ, ಅದರ ಬಿಸುಪಿನದೇ.

ನೀರು ಮಾಡುವ ಕೆಲಸ

ಕುತ್ತಿಗೆಯವರೆಗೆ ನೀರಿನಲ್ಲಿ ಮುಳುಗಿ ಕುಳಿತವನ ಮೈಭಾರ ಅವನಿಗೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಎನಿಸುತ್ತದೆ. ದಿನವಿಡೀ ಆ ಭಾರವನ್ನು ಹೊತ್ತ ಬೆನ್ನುಮೂಳೆಗೂ ಮಂಡಿಗಳಿಗೂ ಆಗ ಬಿಡುವು. ನೀರಿನ ಒತ್ತಡ ಕಾಲುಗಳಲ್ಲಿ ತಂಗಿದ ರಕ್ತವನ್ನು ಎದೆಯ ಕಡೆಗೆ ನೂಕುತ್ತದೆ. ಬಿಸುಪಿಗೆ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಸೆಟೆದ ಸ್ನಾಯುಗಳು ಸಡಿಲುತ್ತವೆ. ಸ್ನಾನ ಮುಗಿದ ಬಳಿಕ ಹಿಗ್ಗಿದ ಆ ನಾಳಗಳ ಮೂಲಕವೇ ದೇಹದ ಒಳಗಿನ ಶಾಖ ಹೊರಹೋಗಿ ಮೈ ಮೆಲ್ಲನೆ ತಣಿಯುತ್ತದೆ. ಮೈ ತಣಿಯುವುದು ನಿದ್ರೆಗೆ ಕರೆ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಹಿಂದಿನ ಅನೇಕ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸಿ, ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು 40ರಿಂದ 42.5 ಡಿಗ್ರಿ ಬಿಸಿಯ ನೀರಿನಲ್ಲಿ ಹತ್ತು ನಿಮಿಷ ಮಿಂದರೂ ನಿದ್ರೆ ಬೇಗ ಹತ್ತುತ್ತದೆಂದು ತಿಳಿಸಿದರು. ಅಜ್ಜಿಯರು ಸಂಜೆಯೇ ಹಂಡೆಗೆ ಉರಿ ಹಾಕುತ್ತಿದ್ದುದರ ಮರ್ಮ ಇದೇ ಇರಬೇಕು.

ಆದರೆ ಇಲ್ಲಿ ಒಂದು ವಿವೇಕ ಅಗತ್ಯ. ಸೆಖೆಯಲ್ಲಿ ಬೆಂದು ಬಂದವನಿಗೆ ಆ ಕ್ಷಣವೇ ಬಿಸಿನೀರು ಹಿತವಲ್ಲ. ಮೊದಲು ನೆರಳು, ಗಾಳಿ, ಉಪ್ಪು ಹಾಕಿದ ಮಜ್ಜಿಗೆ, ತಣ್ಣೀರು. ಕಾವೇರಿ ಮತಿಗೆಟ್ಟು ಬಿದ್ದವನನ್ನಂತೂ ತಡಮಾಡದೆ ತಣ್ಣೀರಿನಿಂದ ತೋಯಿಸಿ ವೈದ್ಯರ ಬಳಿಗೆ ಒಯ್ಯಬೇಕು. ಕಠಿಣವಾದ ವ್ಯಾಯಾಮದ ಮರುದಿನದ ಸ್ನಾಯುನೋವಿಗೂ ತಣ್ಣೀರಿನಲ್ಲಿ ನೆನೆಯುವುದು ಸ್ವಲ್ಪ ಮಟ್ಟಿಗೆ ಉಪಶಮನಕಾರಿಯೆಂದು ಪರೀಕ್ಷೆಗಳಿಂದ ತಿಳಿದಿದೆ. ಮೈ ಆರಿದ ಮೇಲೆ, ಬಿಗಿದ ಬೆನ್ನಿಗೂ ಬಿಗಿದ ಮನಸ್ಸಿಗೂ ಬಿಸಿನೀರು.

ತೊಳೆಯಲಾಗದ ಧೂಳು

ಗಣಿಗಾರನ ಸ್ನಾನವನ್ನು ಗಣಿಯ ಯಜಮಾನನ ಹೊಣೆಯೆಂದು ಪ್ರಪಂಚ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು. ಬ್ರಿಟನ್ನಿನ ಲ್ಯಾಂಕಷೈರಿನಲ್ಲಿ ಆಥರ್ಟನ್ ಬಳಿಯ ಗಿಬ್‌ಫೀಲ್ಡ್ ಕಲ್ಲಿದ್ದಲ ಗಣಿಯ ಬಾಯಲ್ಲಿ 1913ರಲ್ಲಿ ಸ್ನಾನಗೃಹ ತೆರೆಯಿತು. 1926ರಲ್ಲಿ ಅಲ್ಲಿನ ಶಾಸನವೊಂದು ಇಂಥ ಗೃಹಗಳಿಗೆಂದು ಗಣಿಯ ರಾಯಧನದ ಮೇಲೆ ತೆರಿಗೆ ಹಾಕಿತು. ನಮ್ಮ ದೇಶದಲ್ಲಿ 1959ರ ನಿಯಮಗಳು ಗಣಿಬಾಯಿಯ ಸ್ನಾನಗೃಹದ ವಿಷಯವನ್ನು ವಿಧಿಸಿದವು. ಆದರೆ ಅವು ಕಲ್ಲಿದ್ದಲ ಗಣಿಗಳಿಗೆ ಸೇರಿದವು.

ಕೋಲಾರದ ಚಿನ್ನದ ಗಣಿಯ ಕೂಲಿಗಾರರು ವಾಸವಾಗಿದ್ದುದು ಲೈನುಗಳಲ್ಲಿ, ಒಂದು ಕಾಲಕ್ಕೆ ಬಿದಿರು ತಟ್ಟಿಯ ಗುಡಿಸಲುಗಳಲ್ಲಿ. ಪಾಲಾರಿನ ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಬರುತ್ತಿದ್ದ ನೀರು ಆ ಜನಕ್ಕೆ ಬೀದಿ ನಲ್ಲಿಯಲ್ಲಿ ಸಿಗುತ್ತಿತ್ತು. ಅದನ್ನು ಸರದಿಯಲ್ಲಿ ಹಿಡಿದು, ಸೊಂಟದ ಮೇಲೆ ಹೊತ್ತು, ಸೌದೆ ಒಟ್ಟಿ ಕಾಯಿಸುತ್ತಿದ್ದವಳು ಮನೆಯಾಕೆ. ಗಂಡಸಿನ ದಣಿವು ಕಳೆದದ್ದು ಹೆಂಗಸಿನ ದಣಿವಿನಿಂದ ಎಂಬುದನ್ನು ಹೇಳದೆ ಈ ಕಥೆ ಪೂರ್ತಿಯಾಗುವುದಿಲ್ಲ.

ಆ ಬಿಸಿನೀರು ಎಷ್ಟು ಮಾಡಬಲ್ಲುದೋ ಅಷ್ಟನ್ನು ಮಾಡಿತು. ಮೈಗೆ ಹತ್ತಿದ ಧೂಳನ್ನು ತೊಳೆಯಿತು. ಎದೆಯೊಳಕ್ಕೆ ಇಳಿದ ಧೂಳನ್ನು ತೊಳೆಯಲು ಅದಕ್ಕೆ ಶಕ್ತಿಯಿರಲಿಲ್ಲ. ಬಂಡೆಯನ್ನು ಕೊರೆಯುವಾಗ ಏಳುವ ಸಿಲಿಕದ ನಯವಾದ ಪುಡಿ ವರ್ಷಾನುವರ್ಷ ಶ್ವಾಸಕೋಶದಲ್ಲಿ ತಂಗಿ ಅದನ್ನು ಗಟ್ಟಿಗೊಳಿಸುತ್ತದೆ. ಸಿಲಿಕೋಸಿಸ್ ಎಂಬ ಆ ರೋಗ ಕೋಲಾರದ ಎಷ್ಟೋ ಮನೆಗಳ ಆಧಾರವನ್ನು ಕಸಿಯಿತು. ಕೆಮ್ಮುವ ಗಂಡನ ಬೆನ್ನಿಗೆ ಬಿಸಿನೀರು ಹೊಯ್ದ ಹೆಂಡತಿಗೆ ಅವನ ನೋವು ಅಷ್ಟಕ್ಕೇ ಇಳಿದಂತೆ ತೋರಿದ್ದೀತು. ಸ್ನಾನ ಬಳಲಿಕೆಗೆ ಔಷಧ, ರೋಗಕ್ಕಲ್ಲ. ಈ ಅಂತರ ತಿಳಿಯದೆ ಬುಗ್ಗೆಗಳಿಗೂ ಲವಣಗಳಿಗೂ ಮಾರುಹೋಗಿ ವೈದ್ಯರ ಬಳಿಗೆ ತಡವಾಗಿ ಹೋಗುವವರು ಇಂದಿಗೂ ಇದ್ದಾರೆ.

ಇಂದಿನ ದಣಿವು

ಗಣಿಗಳು ಮುಚ್ಚಿದ ಮೇಲೆ ಈ ಸೀಮೆಯ ಗಂಡಸರ ದಣಿವಿನ ಬಗೆ ಬದಲಾಯಿತು. ಮಾರಿಕುಪ್ಪಂ, ಚಾಂಪಿಯನ್, ಬಂಗಾರಪೇಟೆಗಳಲ್ಲಿ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂದಿರುಗುವವರು ಸಾವಿರಾರು ಮಂದಿ. ತಂದೆ ಪಂಜರದಲ್ಲಿ ನಿಂತು ಪಾತಾಳಕ್ಕೆ ಇಳಿದರೆ ಮಗ ರೈಲಿನ ನೂಕುನುಗ್ಗಲಲ್ಲಿ ನಿಂತು ನಗರಕ್ಕೆ ಹೋಗುತ್ತಾನೆ. ಊದಿದ ಕಾಲು, ಬಿಗಿದ ಕುತ್ತಿಗೆ, ನಾಳೆಯ ಚಿಂತೆ, ಮನೆಯವರೊಡನೆ ಎರಡು ಮಾತಾಡಲಾರದ ಬೇಸರ—ಇವು ಅವನ ಸಂಪಾದನೆಯ ಜೊತೆಗೆ ಬರುತ್ತವೆ.

ಜೀವನದಿಯಿಲ್ಲದ ಕೋಲಾರದಲ್ಲಿ ತೊಟ್ಟಿ ತುಂಬ ನೀರು ಕಾಯಿಸಿ ಮುಳುಗಿ ಕುಳಿತುಕೊಳ್ಳಿರೆಂದು ಯಾರಿಗೂ ಹೇಳುವಂತಿಲ್ಲ. ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರಿನಿಂದ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಕೆಲಸ 2018ರಲ್ಲಿ ಆರಂಭವಾಯಿತೆಂದರೆ ಇಲ್ಲಿನ ನೀರಿನ ಬಡತನವನ್ನು ಊಹಿಸಬಹುದು. ಆದರೆ ಒಂದು ಬಕೆಟ್ಟು ಸಾಕು. ಮೀನಖಂಡದವರೆಗೆ ಕಾಲುಗಳನ್ನು ಬಿಸಿನೀರಿನಲ್ಲಿ ಇರಿಸಿ ಹದಿನೈದು ನಿಮಿಷ ಸುಮ್ಮನೆ ಕುಳಿತರೂ ನಿದ್ರೆಗೆ ದಾರಿಯಾಗುತ್ತದೆ. ಒಂದು ಹಿಡಿ ಉಪ್ಪು ಹಾಕಿದರೆ ತಪ್ಪೇನೂ ಇಲ್ಲ. ಹಾಕದಿದ್ದರೆ ನಷ್ಟವೂ ಇಲ್ಲ.

ಮಧುಮೇಹದಿಂದ ಕಾಲು ಜೋಮು ಹಿಡಿದವರು ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ತೊಟ್ಟಿಯಲ್ಲಿ ಮುಳುಗುವ ಅನುಕೂಲವಿದ್ದವರಿಗೂ 38–40 ಡಿಗ್ರಿ, ಕಾಲು ಗಂಟೆ ಸಾಕು. ಏಳುವಾಗ ಮೆಲ್ಲನೆ ಏಳಬೇಕು. ಹೃದ್ರೋಗವಿದ್ದವರು ವೈದ್ಯರನ್ನು ಕೇಳಬೇಕು. ಮದ್ಯ ಕುಡಿದವರು ನೀರಿಗೆ ಇಳಿಯಲೇಬಾರದು. ಸಂತಾನವನ್ನು ಬಯಸುವ ಗಂಡಸರು ಅತಿಬಿಸಿ ನೀರಿನಲ್ಲಿ ಪದೇ ಪದೇ ಬಹಳ ಹೊತ್ತು ಕುಳಿತುಕೊಳ್ಳುವುದು ಒಳ್ಳೆಯದಲ್ಲ. ಬೀಜದ ಶಕ್ತಿ ಶಾಖಕ್ಕೆ ಕುಗ್ಗುತ್ತದೆ.

ಪಂಪುಗಳು ನಿಂತ ಮೇಲೆ ಕೋಲಾರದ ಗಣಿಗಳೊಳಗೆ ನೀರು ಏರಿತು. ಒಂದು ಕಾಲಕ್ಕೆ ಸಾವಿರಾರು ಜನ ಬೆವರು ಸುರಿಸಿದ ಸುರಂಗಗಳಲ್ಲಿ ಇಂದು ನೀರು ನಿಂತಿದೆ. ಬಂಡೆಯ ಕಾವನ್ನೂ ಖನಿಜವನ್ನೂ ಹೀರಿದ ನೀರು. ಆದರೆ ಅದರಲ್ಲಿ ಮೀಯುವವರು ಯಾರೂ ಇಲ್ಲ. ಮೇಲೆ, ಕ್ಯಾಸಂಬಳ್ಳಿಯ ಸೀಮೆಯ ಮನೆಗಳಲ್ಲಿ, ಹಂಡೆಯ ಜಾಗಕ್ಕೆ ವಿದ್ಯುತ್ತಿನ ಕಾಯಿಸುವ ಸಲಾಕೆ ಬಂದಿದೆ. ರಾತ್ರಿಯ ರೈಲಿಗೆ ಬರುವವನಿಗಾಗಿ ಯಾರೋ ಅದನ್ನು ಬಕೆಟ್ಟಿಗೆ ಇಳಿಬಿಟ್ಟು, ಗಡಿಯಾರ ನೋಡುತ್ತ ಕುಳಿತಿರುತ್ತಾರೆ. ಒಂದು ದಿನ ಅವರಿಗಾಗಿ ಅವನೂ ನೀರು ಕಾಯಿಸಿಟ್ಟರೆ, ಆ ಮನೆಯಲ್ಲಿ ದಣಿವು ಕಳೆಯುವವರು ಇಬ್ಬರಾಗುತ್ತಾರೆ.