ಗಾಯದ ಕಲೆ ಗಂಟಾಗುವುದೇಕೆ?

ಅಂದವನ್ನು ಹೆಚ್ಚಿಸಿಕೊಳ್ಳಬೇಕೆಂದು ಶಸ್ತ್ರವೈದ್ಯರ ಬಳಿಗೆ ಹೋದವರು ಕೆಲವೊಮ್ಮೆ ಹೊಸದೊಂದು ಅಂದಗೇಡನ್ನು ಹೊತ್ತು ಹಿಂತಿರುಗುವುದುಂಟು. ಎದೆಯ ಮೇಲಿನ ಮಚ್ಚೆಯನ್ನು ತೆಗೆಸಿಕೊಂಡವರು, ಹೊಟ್ಟೆಯ ಸಡಿಲು ಚರ್ಮವನ್ನು ಬಿಗಿ ಮಾಡಿಸಿಕೊಂಡವರು, ಭಾರವಾದ ಓಲೆಗಳಿಂದ ಹರಿದ ಕಿವಿಯ ಹಾಲೆಯನ್ನು ಹೊಲಿಸಿಕೊಂಡವರು, ಇವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಆದರೆ ಕೆಲವರಲ್ಲಿ ಹೊಲಿಗೆ ಬಿಚ್ಚಿ ಒಂದೆರಡು ತಿಂಗಳಾಗುವಷ್ಟರಲ್ಲಿ, ಮಾಯ್ದಿದ್ದ ಗೆರೆಯು ಕೆಂಪಾಗಿ ಉಬ್ಬತೊಡಗುತ್ತದೆ, ತುರಿಸುತ್ತದೆ, ಬಟ್ಟೆ ತಗುಲಿದರೂ ನೋಯುತ್ತದೆ. ವೈದ್ಯರ ಕೈ ತಪ್ಪಿತೆಂದು ರೋಗಿ ಭಾವಿಸುತ್ತಾನೆ. ಉಬ್ಬಿದ್ದನ್ನು ಕತ್ತರಿಸಿ ತೆಗೆದರೆ ಪೀಡೆ ತೊಲಗೀತೆಂದು ಮತ್ತೊಬ್ಬ ವೈದ್ಯರನ್ನು ಹುಡುಕುತ್ತಾನೆ. ಕತ್ತರಿಸಿದ ಕೆಲವು ತಿಂಗಳಲ್ಲಿ ಮೊದಲಿಗಿಂತಲೂ ದೊಡ್ಡ ಗಂಟು ಅಲ್ಲಿಯೇ ಎದ್ದು ನಿಂತಿರುತ್ತದೆ.

ಇದೇಕೆ ಹೀಗೆ? ಭೌತಶಾಸ್ತ್ರವನ್ನು ಕಲಿಸುವವನಿಗೆ ಈ ಪ್ರಶ್ನೆಯಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಎಳೆತ, ಒತ್ತಡ, ಬೆಳಕು, ಶೀತ, ಇವೆಲ್ಲ ಈ ಕಥೆಯಲ್ಲಿ ಬರುತ್ತವೆ. ಆದುದರಿಂದ ನಮಗೂ ಇಲ್ಲಿ ಅಷ್ಟಿಷ್ಟು ಅಧಿಕಾರವುಂಟು.

ಅಂಗವನ್ನು ತಿದ್ದುವ ಶಸ್ತ್ರಕ್ರಿಯೆಯ ಚರಿತ್ರೆಯಲ್ಲಿ ಕನ್ನಡನಾಡಿನ ನೆಲಕ್ಕೆ ಒಂದು ಸ್ಥಾನವಿದೆ. ಟಿಪ್ಪೂ ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಯುದ್ಧದಲ್ಲಿ, 1792ರಲ್ಲಿ, ಇಂಗ್ಲಿಷರ ದಂಡಿನ ಕಾವಾಸ್‌ಜಿ ಎಂಬ ಮರಾಠಾ ಗಾಡಿಯಾಳು ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಅನಂತರ ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡನು. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಮೇಲೆ ಪುಣೆಯ ಬಳಿಯ, ಇಟ್ಟಿಗೆ ಮಾಡುವ ಕುಲದ ಒಬ್ಬ ವ್ಯಕ್ತಿ ಅವನಿಗೆ ಹೊಸ ಮೂಗನ್ನು ಕಟ್ಟಿಕೊಟ್ಟನು. ಮೇಣದಿಂದ ಮೂಗಿನ ಅಚ್ಚನ್ನು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆಯೆಳೆದು, ಅಷ್ಟು ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಉಳಿಸಿಕೊಂಡು, ಕೆಳಗೆ ತಿರುಗಿಸಿ ಕೂರಿಸುವ ವಿಧಾನವದು. ಹೊಲಿಗೆಯಿಲ್ಲ, ನಾವು ವೀಳ್ಯದೊಡನೆ ಮೆಲ್ಲುವ ಕಾಚನ್ನು ಕಲಸಿ ಅಂಟಿಗೆ ಬಳಸಿದರಂತೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಈ ವೃತ್ತಾಂತವನ್ನು ಚಿತ್ರಸಹಿತ ಪ್ರಕಟಿಸಿತು. ಇಪ್ಪತ್ತು ವರ್ಷಗಳ ಮೇಲೆ ಅಲ್ಲಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಇದೇ ಕ್ರಮವನ್ನು ಅನುಸರಿಸಿ ಯಶಸ್ವಿಯಾದನು. ಮೂಗಿನ ಈ ಕಥೆ ಸುಪ್ರಸಿದ್ಧ. ಆ ವರದಿಯಲ್ಲಿನ ಇನ್ನೊಂದು ಮಾತನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ: ಹಣೆಯ ಮೇಲಣ ಕಲೆ ಕೂಡ ಕಾಲ ಕಳೆದಂತೆ ಎದ್ದು ಕಾಣದಂತಾಗುತ್ತದೆ ಎಂದು ಅದರಲ್ಲಿ ಹೇಳಿದೆ. ಕಾಲವೇ ಕಲೆಯನ್ನು ತಗ್ಗಿಸಿತು. ಎಲ್ಲರ ಕಲೆಯೂ ಹೀಗೇಕೆ ತಗ್ಗುವುದಿಲ್ಲ?

ಚರ್ಮವು ಆಳವಾಗಿ ಕೊಯ್ದುಹೋದಾಗ ದೇಹವು ಹಳೆಯ ಚರ್ಮವನ್ನೇ ಮತ್ತೆ ನೇಯಲಾರದು, ತೇಪೆ ಹಾಕುತ್ತದೆ. ನಾರು ಕಟ್ಟುವ ಜೀವಕೋಶಗಳು ಗಾಯಕ್ಕೆ ಧಾವಿಸಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳನ್ನು ಹೆಣೆಯುತ್ತವೆ. ಮೊದಲ ವಾರದಲ್ಲಿ ಈ ತೇಪೆಗೆ ಮೂಲ ಚರ್ಮದ ಬಲದ ನೂರರಲ್ಲಿ 3 ಪಾಲು ಕೂಡ ಇರುವುದು ಕಷ್ಟ. ಮೂರು ವಾರಗಳಿಗೆ ಸುಮಾರು 30 ಪಾಲು, ಮೂರು ತಿಂಗಳಿಗೆ ಸುಮಾರು 80 ಪಾಲು ಬರುತ್ತದೆ; ಅಲ್ಲಿಂದ ಮುಂದೆ ಏರುವುದಿಲ್ಲ. ಅಷ್ಟರಲ್ಲಿ ಇನ್ನೊಂದು ಕಾರ್ಯವೂ ನಡೆದಿರುತ್ತದೆ: ಹಳೆಯ ಎಳೆಗಳನ್ನು ಕರಗಿಸಿ, ಹೊಸವನ್ನು ಕ್ರಮವಾಗಿ ಜೋಡಿಸಿ, ಹೆಚ್ಚಿನ ರಕ್ತನಾಳಗಳನ್ನು ಮುಚ್ಚಿಬಿಡುವುದು. ಇದು ವರ್ಷಗಟ್ಟಲೆ ಸಾಗುತ್ತದೆ. ಕೆಂಪು ಕಲೆ ಬೆಳ್ಳಗಾಗಿ ಚಪ್ಪಟೆಯಾಗುವುದು ಇದರಿಂದಲೇ. ಕಟ್ಟುವ ಕೆಲಸ ನಿಲ್ಲದೆ, ಕರಗಿಸುವ ಕೆಲಸ ಹಿಂದೆ ಬಿದ್ದರೆ ಕಲೆಯು ಉಬ್ಬುತ್ತದೆ. ಆದುದರಿಂದ ಉಬ್ಬಿದ ಕಲೆಯೆಂದರೆ ಕೆಟ್ಟುಹೋದ ಮಾಂಸವಲ್ಲ. ಮುಗಿಯದೆ ಉಳಿದ ದುರಸ್ತಿ.

ಇದರಲ್ಲಿ ಎರಡು ಬಗೆಗಳಿವೆ. ಇವೆರಡರ ಭೇದವನ್ನು ತಿಳಿಯದೆ ಚಿಕಿತ್ಸೆಗೆ ತೊಡಗುವುದು ದಾರಿ ಕೇಳದೆ ಹೊರಟಂತೆ. ಮೊದಲನೆಯದು ಬರಿಯ ಉಬ್ಬು ಕಲೆ. ಇದು ಒಂದೆರಡು ತಿಂಗಳಲ್ಲಿ ಕಾಣಿಸಿಕೊಂಡು, ಗಾಯದ ಎಲ್ಲೆಯೊಳಗೆಯೇ ಇದ್ದು, ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಎರಡನೆಯದು ಕೀಲಾಯ್ಡ್. ಇದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅನಂತರವೂ ಹುಟ್ಟಬಹುದು. ಗಾಯದ ಎಲ್ಲೆಯನ್ನು ದಾಟಿ ನೆರೆಯ ಚರ್ಮಕ್ಕೆ ಕಾಲು ಚಾಚುತ್ತದೆ. ತಾನಾಗಿ ಇಳಿಯುವುದು ಅಪರೂಪ. ಏಡಿಯ ಕೊಂಡಿಯ ಹಾಗೆ ಹಬ್ಬುವುದರಿಂದ ಫ್ರಾನ್ಸಿನ ಅಲಿಬೆರ್ ಎಂಬ ವೈದ್ಯನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗ್ರೀಕ್ ಪದದಿಂದ ಈ ಹೆಸರನ್ನು ಕಟ್ಟಿದನು. ಬಿಳಿಯರಿಗಿಂತ ಕಪ್ಪು ಮೈಬಣ್ಣದ ಜನರಲ್ಲಿ ಇದು ಹೆಚ್ಚು. ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ಹತ್ತರಿಂದ ಮೂವತ್ತರ ವಯಸ್ಸಿನಲ್ಲಿ ಅತಿ ಹೆಚ್ಚು. ಅಂದರೆ ಈ ಪತ್ರಿಕೆಯನ್ನು ಓದುವವರ ವಯಸ್ಸಿನಲ್ಲಿಯೇ!

ಇನ್ನು ಎಳೆತದ ವಿಷಯ. 1861ರಲ್ಲಿ ಆಸ್ಟ್ರಿಯದ ಕಾರ್ಲ್ ಲಾಂಗರ್ ಎಂಬ ಶರೀರಶಾಸ್ತ್ರಜ್ಞನು ಶವಗಳ ಚರ್ಮಕ್ಕೆ ದುಂಡನೆಯ ಮೊಳೆಯಿಂದ ಚುಚ್ಚಿ ನೋಡಿದನು. ತೂತುಗಳು ದುಂಡಗೆ ಉಳಿಯದೆ ಸೀಳುಗಳಾದವು. ಒಂದೊಂದು ಭಾಗದಲ್ಲಿ ಅವೆಲ್ಲ ಒಂದೇ ದಿಕ್ಕಿಗೆ ಚಾಚಿದ್ದವು. ಚರ್ಮವು ನಮ್ಮ ಮೈಮೇಲೆ ಸಡಿಲವಾಗಿ ಹೊದೆದ ಬಟ್ಟೆಯಲ್ಲ, ಮದ್ದಳೆಯ ಮುಚ್ಚಿಗೆಯ ಹಾಗೆ ಬಿಗಿದ ಹೊದಿಕೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿಯ ಮಹಾಗಣಪತಿಯ ಹೆಸರಿನಲ್ಲಿ ಕಟ್ಟಿದ ಯಕ್ಷಗಾನ ಮಂಡಳಿಯ ಆಟವನ್ನು ನೋಡಿದವರಿಗೆ ಮದ್ದಳೆಯ ಬಿಗಿತವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಅಂತಹ ತೊಗಲನ್ನು ಕೊಯ್ದರೆ ಸೀಳು ಬಾಯ್ದೆರೆಯುತ್ತದೆ. ಮದ್ದಳೆಗೆ ಎಲ್ಲ ದಿಕ್ಕಿಗೂ ಸಮನಾದ ಎಳೆತ. ಮೈಚರ್ಮಕ್ಕೆ ಒಂದು ದಿಕ್ಕಿಗೆ ಹೆಚ್ಚು. ಹೆಚ್ಚಿನ ಎಳೆತದ ದಿಕ್ಕಿಗೆ ಸಮಾನಾಂತರವಾಗಿ ಕೊಯ್ದ ಗಾಯ ಸುಲಭವಾಗಿ ಕೂಡುತ್ತದೆ. ಅಡ್ಡವಾಗಿ ಕೊಯ್ದದ್ದನ್ನು ಎಳೆತವು ಹಗಲಿರುಳು ಬಿಡಿಸಲು ನೋಡುತ್ತದೆ. ನಾರು ಕಟ್ಟುವ ಜೀವಕೋಶಗಳು ಈ ಎಳೆತವನ್ನು ಗ್ರಹಿಸಬಲ್ಲವು. ಎಳೆದಷ್ಟೂ ಹೆಚ್ಚು ನಾರನ್ನು ಕಟ್ಟುತ್ತವೆ. ಎದೆಯ ನಡುವೆ, ಹೆಗಲಿನ ಮೇಲೆ ಕೀಲಾಯ್ಡ್ ಹೆಚ್ಚಾಗಿ ಬರುವುದೂ, ಸಡಿಲವಾದ ಕಣ್ಣಿನ ರೆಪ್ಪೆಯ ಮೇಲೆ ಬಹು ಅಪರೂಪವಾಗುವುದೂ ಇದರಿಂದ ಅರ್ಥವಾಗುತ್ತದೆ. ಬರಿದೇ ಕತ್ತರಿಸಿ ಹೊಲಿದರೆ ಎಳೆತ ಹೆಚ್ಚುತ್ತದೆಯೇ ಹೊರತು ತಗ್ಗುವುದಿಲ್ಲ. ಬೇರೆ ಉಪಚಾರವಿಲ್ಲದೆ ಕೀಲಾಯ್ಡನ್ನು ಕತ್ತರಿಸಿದಾಗ ನೂರರಲ್ಲಿ 45ರಿಂದ 100ರವರೆಗೂ ಅದು ಮರುಕಳಿಸಿರುವುದು ಬೇರೆ ಬೇರೆ ವೈದ್ಯರ ಅನುಭವ.

ಕಿವಿಯ ಹಾಲೆ ಮಾತ್ರ ಈ ನಿಯಮಕ್ಕೆ ತಲೆಬಾಗುವುದಿಲ್ಲ. ಅದು ಮೆತ್ತಗೆ ಜೋಲುವ ಭಾಗ, ಎಳೆತ ಅತ್ಯಲ್ಪ. ಆದರೂ ಕೀಲಾಯ್ಡ್ ಅಲ್ಲಿ ಸಾಮಾನ್ಯ. ಕೀವು, ಲೋಹ ಒಗ್ಗದಿರುವುದು, ಮತ್ತೆ ಮತ್ತೆ ಕೆರೆಯುವುದು, ಇವುಗಳಿಂದ ಉರಿಯೂತ ಆರದೆ ಉಳಿಯುವುದೇ ಅಲ್ಲಿನ ಪ್ರಧಾನ ಕಾರಣವೆಂದು ತೋರುತ್ತದೆ. ಹನ್ನೊಂದು ವರ್ಷದ ಮೊದಲು ಕಿವಿ ಚುಚ್ಚಿಸಿಕೊಂಡವರಿಗಿಂತ ಅನಂತರ ಚುಚ್ಚಿಸಿಕೊಂಡವರಲ್ಲಿ ಇದು ಹೆಚ್ಚೆಂದು ಕಂಡುಬಂದಿದೆ. ಶಿಶುವಿಗೆ ಕಿವಿ ಚುಚ್ಚುವ ನಮ್ಮ ಹಿರಿಯರ ಶಾಸ್ತ್ರವು ಈ ಒಂದು ವಿಷಯದಲ್ಲಿ ಕ್ಷೇಮದ ಕಡೆಗೇ ಇದೆ. ಕಾಲೇಜಿಗೆ ಸೇರಿದ ಮೇಲೆ ಎರಡನೆಯ, ಮೂರನೆಯ ತೂತಿಗೆ ಆಸೆಪಡುವವರು ಮನೆಯಲ್ಲಿ ಯಾರಿಗಾದರೂ ಇಂತಹ ಗಂಟು ಎದ್ದದ್ದುಂಟೇ ಎಂದು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಚಿಕಿತ್ಸೆಯೆಂದರೆ, ಕಟ್ಟುವ ಕೈಗಳನ್ನು ತಡೆಯುವುದು. ಎಲ್ಲಕ್ಕಿಂತ ಅಗ್ಗವಾದದ್ದು ಕಾಗದದ ಅಂಟುಪಟ್ಟಿ. ಹೊಲಿಗೆ ತೆಗೆದ ಮೇಲೆ ಹಲವು ವಾರ ಇದನ್ನು ಗೆರೆಯ ಮೇಲೆ ಅಂಟಿಸಿದರೆ ಎಳೆತದ ಒಂದು ಪಾಲನ್ನು ಅದು ಹೊರುತ್ತದೆ. ಸಿಲಿಕೋನ್ ಹಾಳೆಯು 1980ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದಲ್ಲಿ ಸುಟ್ಟಗಾಯದ ಕಲೆಗಳಿಗಾಗಿ ಬಳಕೆಗೆ ಬಂತು. ಇದು ಒತ್ತಡದಿಂದ ಕೆಲಸ ಮಾಡುವುದಿಲ್ಲ. ಚರ್ಮದಿಂದ ನೀರು ಆವಿಯಾಗುವುದನ್ನು ತಗ್ಗಿಸುತ್ತದೆ. ದಿನಕ್ಕೆ ಹನ್ನೆರಡು ಗಂಟೆಗೂ ಮಿಕ್ಕಿ, ಎರಡು ಮೂರು ತಿಂಗಳು ಹಾಕಬೇಕು. ನಮ್ಮ ಕರಾವಳಿಯ ಸೆಕೆಯಲ್ಲಿ ಹಾಳೆಯ ಅಡಿಯಲ್ಲಿ ಬೆವರುಸಾಲೆಯೇಳುವುದರಿಂದ ದಿನವೂ ಹಾಳೆಯನ್ನೂ ಚರ್ಮವನ್ನೂ ತೊಳೆದು ಒಣಗಿಸುವುದು ಅವಶ್ಯ.

ಒತ್ತಡದ ಚಿಕಿತ್ಸೆ ಬೇರೆ. ಬಿಗಿಯಾದ ಉಡುಪಿನಿಂದಲೋ, ಕಿವಿಗಾದರೆ ಹಾಲೆಯನ್ನು ಎರಡು ಕಡೆಗಳಿಂದ ಅಮುಕುವ ಓಲೆಯಂತಹ ಸಾಧನದಿಂದಲೋ ಕಲೆಯನ್ನು ಸುಮಾರು 25 ಮಿಲಿಮೀಟರ್ ಪಾದರಸದಷ್ಟು ಒತ್ತಡದಲ್ಲಿ ಇಡುತ್ತಾರೆ. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವಾದುದರಿಂದ ಇದು 34 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಸೂಕ್ಷ್ಮ ರಕ್ತನಾಳಗಳೊಳಗಿನ ಒತ್ತಡವೂ ಸರಿಸುಮಾರು ಇಷ್ಟೇ. ಆದುದರಿಂದ ಕಲೆಗೆ ಹರಿಯುವ ರಕ್ತ ತಗ್ಗಿ, ನಾರು ಕಟ್ಟುವ ಕೆಲಸಕ್ಕೆ ಆಹಾರ ಕಡಿಮೆಯಾಗುತ್ತದೆ. ಇದಕ್ಕೆ ಆರು ತಿಂಗಳಿಂದ ಒಂದು ವರ್ಷ ಬೇಕು.

ಕೀಲಾಯ್ಡಿಗೆ ಮೊದಲ ಮದ್ದು ಸಾಮಾನ್ಯವಾಗಿ ಟ್ರೈಆಮ್ಸಿನೊಲೋನ್ ಎಂಬ ಸ್ಟೆರಾಯ್ಡಿನ ಚುಚ್ಚುಮದ್ದು. ನಾಲ್ಕರಿಂದ ಆರು ವಾರಗಳಿಗೊಮ್ಮೆ ಅದನ್ನು ಕಲೆಯ ಒಳಕ್ಕೇ ಕೊಡುತ್ತಾರೆ. ಗಂಟು ಗಟ್ಟಿಯಾಗಿರುವುದರಿಂದ ಮೊದಲ ಸಲ ಬಲವಾಗಿ ಒತ್ತಬೇಕಾಗುತ್ತದೆ, ನೋವೂ ಹೆಚ್ಚು, ಮೆತ್ತಗಾದಂತೆ ಸುಲಭವಾಗುತ್ತದೆ. ತುರಿಕೆ ಮತ್ತು ನೋವು ಗಂಟಿಗಿಂತ ಮೊದಲೇ ಇಳಿಯುವುದುಂಟು. ಮದ್ದು ಅಡಿಯ ಕೊಬ್ಬಿಗೆ ಇಳಿದರೆ ಚರ್ಮ ಕುಸಿಯುತ್ತದೆ, ಸುತ್ತಲಿನ ಬಣ್ಣ ಮಾಸುತ್ತದೆ; ಆದುದರಿಂದ ಇದು ಪಳಗಿದ ಕೈಗಳ ಕೆಲಸ. ಇಡಗುಂಜಿಯ ಕಡೆಯವರು ಇದಕ್ಕಾಗಿ ಮಣಿಪಾಲಕ್ಕೆ ಹೋಗುವುದಾದರೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಎರಡು ಸಲ ಹೋಗಿ, ಗಂಟು ಇನ್ನೂ ಇದೆಯಲ್ಲ ಎಂದು ಬೇಸತ್ತು ಬಿಟ್ಟುಬಿಡುವುದು ಸಹಜ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯ ಫಲ ಮರುಕಳಿಕೆ. ಮೊದಲೇ ವೈದ್ಯರನ್ನು ಎಷ್ಟು ಸಲ ಬರಬೇಕಾದೀತೆಂದು ಕೇಳಿ, ರಜೆಯನ್ನೂ ಖರ್ಚನ್ನೂ ಲೆಕ್ಕಹಾಕಿಕೊಂಡು ತೊಡಗುವುದು ಲೇಸು.

ಬೆಳಕಿನ ಚಿಕಿತ್ಸೆ ನಮ್ಮ ಪ್ರಯೋಗಶಾಲೆಗೆ ಹತ್ತಿರದ್ದು. ವಿದ್ಯಾರ್ಥಿಗಳು ಬಳಸುವ ಸೋಡಿಯಂ ದೀಪದ ಹಳದಿ ಬೆಳಕಿನ ಅಲೆಯುದ್ದ 589 ನ್ಯಾನೋಮೀಟರ್. ಕೆಂಪು ಕಲೆಗಳಿಗೆ ಬಳಸುವ ಲೇಸರಿನದು 595. ಈ ಬೆಳಕನ್ನು ರಕ್ತದ ಹೀಮೋಗ್ಲೋಬಿನ್ ಹೀರಿಕೊಂಡು ಕಾಯುತ್ತದೆ. ಮಿಡಿತವು ಸುಮಾರು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಅಲ್ಪವಾದುದರಿಂದ ಶಾಖವು ಸುತ್ತಲೂ ಹರಡುವ ಮುನ್ನವೇ ನಾಳ ಮುಚ್ಚಿಕೊಳ್ಳುತ್ತದೆ. ಆದರೆ ಚರ್ಮದ ಕಪ್ಪು ವರ್ಣದ್ರವ್ಯವೂ ಇದೇ ಬೆಳಕನ್ನು ಹೀರುತ್ತದೆ. ಬಿಳಿಯರ ಮೇಲೆ ನಿಶ್ಚಯಿಸಿದ ಪ್ರಮಾಣವನ್ನೇ ನಮ್ಮವರ ಮೇಲೆ ಪ್ರಯೋಗಿಸಿದರೆ ಚರ್ಮ ಸುಟ್ಟು ಹೊಸ ಗಾಯವಾದೀತು. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್ನಿನಿಂದ ಗಂಟನ್ನು ಹೆಪ್ಪುಗಟ್ಟಿಸುವ ಕ್ರಮಕ್ಕೂ ಇದೇ ಎಚ್ಚರಿಕೆ ಸಲ್ಲುತ್ತದೆ. ಬಣ್ಣದ ಕೋಶಗಳು ಚಳಿಗೆ ಎಲ್ಲಕ್ಕಿಂತ ಮೊದಲು ಸಾಯುವುದರಿಂದ ಬಿಳಿಯ ಮಚ್ಚೆ ಉಳಿಯಬಹುದು.

ಇನ್ನು, ಕತ್ತರಿಸಲೇಬೇಕಾದಾಗ ಕತ್ತರಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆ ಮಾತ್ರ. ಅದರ ಹಿಂದೆಯೇ ಸ್ಟೆರಾಯ್ಡ್, ಒತ್ತಡ ಇಲ್ಲವೆ ಕಿರಣಚಿಕಿತ್ಸೆ ಬರಬೇಕು. ಕಿರಣವನ್ನು ಶಸ್ತ್ರಕ್ರಿಯೆಯಾದ ಒಂದೆರಡು ದಿನಗಳೊಳಗೆ ಆರಂಭಿಸುತ್ತಾರೆ. ಮಕ್ಕಳಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಬೆರಳಿನಿಂದ ತಟ್ಟಿದಾಗ ಒಂದೇ ಬಿಂದುವಿನಲ್ಲಿ ವಿದ್ಯುತ್ತು ಹೊಡೆದಂತಹ ನೋವಾದರೆ ನರವೊಂದು ಕಲೆಯಲ್ಲಿ ಸಿಕ್ಕಿಕೊಂಡಿರಬಹುದು. ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಬಿಸಿ, ಕೀವು, ಹುಣ್ಣು ಕಂಡರೆ ಕಾಯಬಾರದು. ಸುಣ್ಣ, ಗೇರುಸೊನೆ ಮೊದಲಾದ ಸುಡುವ ಪದಾರ್ಥಗಳನ್ನು ಗಂಟಿಗೆ ಹಚ್ಚುವುದಂತೂ ಉರಿಯುವ ಒಲೆಗೆ ಕಟ್ಟಿಗೆ ಹಾಕಿದಂತೆ. ಸುಟ್ಟ ಗಾಯವೂ ಕೀಲಾಯ್ಡಿಗೆ ಬೀಜವೇ.

ಬರಿಯ ಉಬ್ಬು ಕಲೆಯಾಗಿದ್ದರೆ, ಅದು ಚಲನೆಗೆ ಅಡ್ಡಿಯಾಗದ ಹೊರತು, ಒಂದು ವರ್ಷ ತುಂಬುವ ಮೊದಲು ಅದನ್ನು ಮರಳಿ ತಿದ್ದಲು ಶಸ್ತ್ರವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆ ಅವಧಿಯಲ್ಲಿ ತಿಂಗಳಿಗೊಮ್ಮೆ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು, ಒಂದೇ ಬೆಳಕಿನಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಕಲೆಯು ಎಲ್ಲೆಯೊಳಗಿದೆಯೋ ಎಲ್ಲೆ ಮೀರಿದೆಯೋ ಎಂಬುದು ರೋಗಿಗೂ ವೈದ್ಯರಿಗೂ ಸ್ಪಷ್ಟವಾಗಿ ಕಾಣುತ್ತದೆ.