ಕಾಣುವ ಕೆಂದೂಳಿಗಿಂತ ಕಾಣದ ಧೂಳೇ ಅಪಾಯ

ಹೊಸಪೇಟೆಯಿಂದ ಸಂಡೂರಿಗೆ ಹೋಗುವವರ ಕಣ್ಣಿಗೆ ಮೊದಲು ಬೀಳುವುದು ಕೆಂದೂಳು. ಮರದ ಎಲೆ, ಅಂಗಡಿಯ ತಗಡು, ಒಣಗಲು ಹಾಕಿದ ಬಟ್ಟೆ ಎಲ್ಲಕ್ಕೂ ಒಂದೇ ಬಣ್ಣ. ನಮ್ಮ ಕರಾವಳಿಯವರಿಗೂ ಈ ಧೂಳು ಹೊಸತೇನಲ್ಲ. ಅದಿರು ರಫ್ತಿನ ಭರಾಟೆಯ ವರ್ಷಗಳಲ್ಲಿ ಬಳ್ಳಾರಿ ಕಡೆಯ ಲಾರಿಗಳು ಶಿರಾಡಿ ಘಾಟಿ ಇಳಿದು ಪಣಂಬೂರಿನ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಆ ಲಾರಿಗಳನ್ನು ಓಡಿಸಿದವರೂ ಇದ್ದಾರೆ.

ಆದರೆ ಕಣ್ಣಿಗೆ ಕಾಣುವ ಧೂಳು ಅಷ್ಟು ದೊಡ್ಡ ಶತ್ರುವಲ್ಲ. ದೊಡ್ಡ ಕಣಗಳು ಮೂಗು, ಗಂಟಲಲ್ಲೇ ನಿಂತು ಕಫದ ಜೊತೆ ಹೊರಗೆ ಬರುತ್ತವೆ. ತಲೆಕೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ತುತ್ತತುದಿಗೆ ಇಳಿಯುತ್ತವೆ. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಪದರದ ಜೊತೆಗೆ ಬಿಳಿಗಲ್ಲಿನ, ಅಂದರೆ ಕ್ವಾರ್ಟ್ಜ್‌ನ ಪದರವೂ ಇದೆ. ಬಂಡೆ ಕೊರೆದಾಗ, ಕ್ರಷರಿಗೆ ಹಾಕಿದಾಗ ಈ ಕ್ವಾರ್ಟ್ಜ್ ಪುಡಿಯಾಗಿ ಗಾಳಿಗೆ ಸೇರುತ್ತದೆ. ಅದೇ ಸಿಲಿಕಾ. ಬರೀ ಕಬ್ಬಿಣದ ಧೂಳು ಶ್ವಾಸಕೋಶದಲ್ಲಿ ಕುಳಿತರೂ ಅಷ್ಟು ಹಾನಿ ಮಾಡುವುದಿಲ್ಲ. ಸಿಲಿಕಾ ಹಾಗಲ್ಲ, ಕುಳಿತ ಜಾಗದಲ್ಲಿ ಗಾಯ ಮಾಡುತ್ತದೆ, ಗಾಯ ಒಣಗಿ ಗಟ್ಟಿಯಾಗುತ್ತದೆ, ಉಸಿರಿಗೆ ಜಾಗ ಕಡಿಮೆಯಾಗುತ್ತಾ ಬರುತ್ತದೆ. ಈ ಕಾಯಿಲೆಗೆ ಸಿಲಿಕೋಸಿಸ್ ಅಂತ ಹೆಸರು. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಕಳೆದು ತಲೆ ಎತ್ತುತ್ತದೆ. ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಟಿಬಿ ಸುಲಭವಾಗಿ ಅಂಟುತ್ತದೆ, ಎಷ್ಟೋ ಸಲ ಟಿಬಿ ಎಂದಷ್ಟೇ ತಿಳಿದು ಚಿಕಿತ್ಸೆ ನಡೆಯುತ್ತದೆ.

ಈ ಕಾಯಿಲೆಯ ಮೊದಲ ದೊಡ್ಡ ಪಾಠ ನಮ್ಮ ರಾಜ್ಯದಲ್ಲೇ ಸಿಕ್ಕಿತ್ತು. ಕೋಲಾರದ ಚಿನ್ನದ ಗಣಿಯಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ 43ಕ್ಕಿಂತಲೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡುಬಂದಿತ್ತು. ಆ ಗಣಿ 2001ರಲ್ಲಿ ಮುಚ್ಚಿತು. ಅಂದರೆ ದೇಶಕ್ಕೆ ಈ ವಿಷಯ ತಿಳಿದು ಮುಕ್ಕಾಲು ಶತಮಾನವೇ ದಾಟಿದೆ. ತಿಳಿಯದೆ ಆದದ್ದು ಅಂತ ಈಗ ಯಾರೂ ಹೇಳುವಂತಿಲ್ಲ.

ಎಂಜಿನಿಯರುಗಳ ಬಳಿ ಇರುವ ಪರಿಹಾರ ಕೇಳಿದರೆ ನಗು ಬರಬಹುದು: ನೀರು. ಕೊರೆಯುವ ಸರಳಿನ ಒಳಗಿನಿಂದಲೇ ನೀರು ಹರಿಸಿದರೆ ಧೂಳು ಹುಟ್ಟುವ ಜಾಗದಲ್ಲೇ ಕೆಸರಾಗಿ ಬೀಳುತ್ತದೆ. ನೀರು ಬಳಸಲಾಗದ ಕಡೆ ಯಂತ್ರಕ್ಕೇ ಧೂಳು ಹೀರುವ ಕೊಳವೆ ಜೋಡಿಸುತ್ತಾರೆ. ಸಾಗಾಟದಲ್ಲೂ ಬದಲಾವಣೆ ಆಗಿದೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. 2013ರ ತೀರ್ಪಿನ ಬಳಿಕ ಮಿತಿ ಹಾಕಿ, ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಕಡ್ಡಾಯ ಮಾಡಿ ತೆರೆಯಲು ಬಿಟ್ಟಿತು. ಈಗ ನಂದಿಹಳ್ಳಿ ಕಡೆಯಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆವರೆಗೆ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಮುಚ್ಚಿದ ಕೊಳವೆ ಕನ್ವೇಯರಿನಲ್ಲಿ ಅದಿರು ಹೋಗುತ್ತದೆ. ರಸ್ತೆ ಬದಿಯ ಮನೆಯವರಿಗೆ ಇದು ಉಪಕಾರವೇ. ಡ್ರಿಲ್ಲಿನ ಪಕ್ಕ, ಕ್ರಷರಿನ ಪಕ್ಕ ನಿಂತವನಿಗೆ ಇದರಿಂದ ಏನೂ ಬದಲಾಗುವುದಿಲ್ಲ.

ವೈದ್ಯಕೀಯದಲ್ಲೂ ಹೊಸ ಸಂಗತಿ ಇದೆ. ಎಕ್ಸ್‌ರೇಯಲ್ಲಿ ಕಲೆ ಕಾಣುವಷ್ಟರಲ್ಲಿ ಹಾನಿ ಸಾಕಷ್ಟು ಆಗಿರುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ರಕ್ತದಲ್ಲಿರುವ ಸಿಸಿ-16 ಎಂಬ ಪ್ರೋಟೀನನ್ನು ಅಳೆಯುವ ಪರೀಕ್ಷೆ ಸಿದ್ಧಪಡಿಸಿದ್ದಾರೆ. ಸಿಲಿಕಾದಿಂದ ಶ್ವಾಸಕೋಶ ಕೆಡತೊಡಗಿದರೆ ಈ ಪ್ರೋಟೀನ್ ಕಡಿಮೆಯಾಗುತ್ತದೆ. ಹಾಗೆ ಕಡಿಮೆ ಬಂದವರನ್ನು ಮೊದಲೇ ಗುರುತಿಸಿ, ಎಕ್ಸ್‌ರೇ ಮಾಡಿಸಿ, ಧೂಳಿನ ಕೆಲಸದಿಂದ ಬೇರೆ ಕಡೆಗೆ ಹಾಕಬಹುದು ಎಂಬುದು ಉದ್ದೇಶ.

ಬೇರೆ ಕಡೆಗೆ ಹಾಕುವುದು ಅಂದರೆ ಏನು? ಇಲ್ಲಿಗೆ ಬಂದಾಗ ವಿಜ್ಞಾನದ ಕೆಲಸ ಮುಗಿದು ನ್ಯಾಯದ ಪ್ರಶ್ನೆ ಶುರುವಾಗುತ್ತದೆ. ದಿನಗೂಲಿಯವನಿಗೆ ಬೇರೆ ಕಡೆ ಅನ್ನುವುದು ಹೆಚ್ಚಾಗಿ ಮನೆಯೇ. ಹಾಗಾಗಿ ಕೆಮ್ಮನ್ನು ಅವನೇ ಮುಚ್ಚಿಡುತ್ತಾನೆ. ಗಣಿ ಕಾರ್ಮಿಕನನ್ನು ಕೆಲಸಕ್ಕೆ ಸೇರಿಸುವಾಗ ಒಮ್ಮೆ, ಬಳಿಕ ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕೆಂಬ ನಿಯಮ ಬಂದು ದಶಕಗಳಾದವು. ಖಾಯಂ ನೌಕರನಿಗೆ ಅದು ಸಿಗುತ್ತದೆ. ಗುತ್ತಿಗೆದಾರನ ಕೈಕೆಳಗೆ ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ದುಡಿಯುವವನ ಹೆಸರು ಪುಸ್ತಕದಲ್ಲೇ ಇಲ್ಲದಿದ್ದರೆ ಎಕ್ಸ್‌ರೇ ಯಾರದ್ದು ತೆಗೆಯುವುದು ಮಾರಾಯ್ರೇ? ಸಿಲಿಕೋಸಿಸ್‌ಗೆ ಪರಿಹಾರ ಕೊಡಲು 1923ರ ಪರಿಹಾರ ಕಾಯ್ದೆಯಲ್ಲೇ ದಾರಿ ಇತ್ತು. ಆದರೆ ಎಲ್ಲಿ, ಎಷ್ಟು ವರ್ಷ ದುಡಿದೆ ಎಂಬ ದಾಖಲೆಯನ್ನು ಕಾರ್ಮಿಕ ಎಲ್ಲಿಂದ ತರಬೇಕು? ರಾಜಸ್ಥಾನ ಸರಕಾರ 2019ರ ನೀತಿಯಲ್ಲಿ ಈ ಗಂಟನ್ನು ಬಿಡಿಸಿತು. ಕಾಯಿಲೆ ದೃಢಪಟ್ಟರೆ 3 ಲಕ್ಷ ರೂಪಾಯಿ, ತೀರಿಹೋದರೆ ಕುಟುಂಬಕ್ಕೆ 2 ಲಕ್ಷ. ಬಳ್ಳಾರಿಯಲ್ಲಿ ಹಣ ಇಲ್ಲವೆನ್ನಲಾಗದು. ಗಣಿ ಮಾಲಕರು ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ, ಅದರ ಆದ್ಯತೆಯ ಪಟ್ಟಿಯಲ್ಲಿ ಆರೋಗ್ಯವೂ ಇದೆ. ಪರೀಕ್ಷೆಯ ವರದಿಯ ಒಂದು ಪ್ರತಿ ಕಾರ್ಮಿಕನ ಕೈಯಲ್ಲೇ ಇರಬೇಕು ಎಂಬುದು ಮಾತ್ರ ಖರ್ಚಿಲ್ಲದ ಕೆಲಸ. ನನ್ನ ಮಟ್ಟಿಗೆ ಮೊದಲು ಆಗಬೇಕಾದದ್ದೂ ಅದೇ.

ಗಣಿ ದೂರದ ಮಾತು ಅನ್ನಿಸಿದರೆ ನಮ್ಮ ಮನೆಗಳನ್ನೇ ನೋಡೋಣ. ಗಲ್ಫಿನಲ್ಲಿ, ಊರಿನಲ್ಲಿ ಟೈಲ್ಸ್, ಗ್ರಾನೈಟ್ ಕೆಲಸ ಮಾಡುವ ಯುವಕರು ನಮ್ಮಲ್ಲಿ ಕಡಿಮೆಯೇನಿಲ್ಲ. ಗ್ರಾನೈಟಿನಲ್ಲಿ ಸುಮಾರು ಮೂರನೇ ಒಂದು ಭಾಗ ಸಿಲಿಕಾ ಇದ್ದರೆ, ಈಗ ಅಡಿಗೆಕೋಣೆಗೆ ಹಾಕುವ ಕೃತಕ ಕ್ವಾರ್ಟ್ಜ್ ಹಲಗೆಯಲ್ಲಿ ನೂರಕ್ಕೆ 90ರವರೆಗೂ ಇರುತ್ತದೆ. ಅದನ್ನು ಕತ್ತರಿಸುತ್ತಿದ್ದ ಯುವ ಕಾರ್ಮಿಕರು ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದದ್ದನ್ನು ನೋಡಿ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಆ ಹಲಗೆಯನ್ನೇ ನಿಷೇಧಿಸಿತು. ಮುಖಕ್ಕೆ ಸುತ್ತಿದ ಟವೆಲ್ ಈ ಸಣ್ಣ ಧೂಳನ್ನು ತಡೆಯುವುದಿಲ್ಲ. ಬಹಳ ದಿನದ ಕೆಮ್ಮು, ಏದುಸಿರು ಅಂತ ವೈದ್ಯರ ಹತ್ತಿರ ಹೋದರೆ ಬೀಡಿ ಸಿಗರೇಟಿನ ಬಗ್ಗೆ ಅವರು ಕೇಳುತ್ತಾರೆ. ಎಷ್ಟು ವರ್ಷ ಕಲ್ಲು ಕತ್ತರಿಸಿದೆ ಎಂಬುದನ್ನು ನಾವೇ ಹೇಳಬೇಕು.

ಕೂಲಿ ಹೊತ್ತಿಗೆ ಸರಿಯಾಗಿ ಕೊಡಬೇಕೆಂಬುದನ್ನು ಮದ್ರಸದಲ್ಲೂ ಮಸೀದಿಯಲ್ಲೂ ಕೇಳುತ್ತಲೇ ಬೆಳೆದಿದ್ದೇವೆ. ದುಡಿಯುವವನ ಉಸಿರಿನ ಮಾತು ಅಷ್ಟಾಗಿ ಬರುವುದಿಲ್ಲ. ನೀರು ಬಿಟ್ಟು ಕತ್ತರಿಸಲೆಂದೇ ಮಾಡಿದ ಕಟ್ಟರ್‌ಗಳು ಪೇಟೆಯಲ್ಲಿ ಸಿಗುತ್ತವೆ. ಅದರಲ್ಲಿ ಕೆಲಸ ಸ್ವಲ್ಪ ನಿಧಾನ, ನೆಲವೆಲ್ಲಾ ಕೆಸರು. ಆ ಕೆಸರು ಬೇಡ, ಬೇಗ ಮುಗಿಸು ಅನ್ನುವವರು ಎಷ್ಟೋ ಸಲ ಮನೆ ಕಟ್ಟಿಸುವವರೇ, ಅಂದರೆ ನಾವೇ.