ಸ್ವಭಾವ, ಒತ್ತಡ ಮತ್ತು ನೈತಿಕ ಹೊಣೆ

ಪಾಪನಿವೇದನೆಯಲ್ಲಿ ಮತ್ತೆ ಮತ್ತೆ ಕೇಳಿಬರುವ ಎರಡು ಸಂಗತಿಗಳೆಂದರೆ ಕೋಪ ಮತ್ತು ಭಯ. ತಡೆದುಕೊಳ್ಳಬೇಕೆಂದು ಸಂಕಲ್ಪಿಸಿಯೂ ಮಕ್ಕಳ ಮೇಲೆ ಸಿಡುಕುವ ತಾಯಿ, ದೇವರಲ್ಲಿ ವಿಶ್ವಾಸವಿಟ್ಟೂ ರಾತ್ರಿಯಿಡೀ ಆತಂಕದಿಂದ ಹೊರಳಾಡುವ ಯುವಕ ನಮಗೆ ಅಪರಿಚಿತರಲ್ಲ. ಇದನ್ನು ಪಾಪವೆನ್ನಬೇಕೇ, ಸ್ವಭಾವವೆನ್ನಬೇಕೇ? ಈ ವಿವೇಚನೆಯಲ್ಲಿ ಎಡವಿದರೆ ನಾವು ಒಂದೋ ಹೊರಲಾರದ ಹೊರೆಯನ್ನು ಹೊರಿಸುತ್ತೇವೆ, ಇಲ್ಲವೇ ನಿಜವಾದ ಪಶ್ಚಾತ್ತಾಪಕ್ಕೆ ಅಡ್ಡಿಯಾಗುತ್ತೇವೆ.

ಭಾವಗಳು ಹುಟ್ಟುವ ಬಗೆಯನ್ನು ಮೊದಲು ಅರಿಯೋಣ. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಬುದ್ಧಿಯು ಪರಾಮರ್ಶಿಸುವ ಮೊದಲೇ ಅದು ಅಪಾಯದ ಸುಳಿವನ್ನು ಗ್ರಹಿಸಿ ದೇಹವನ್ನು ಎಚ್ಚರಿಸಬಲ್ಲದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗವು ಆ ಎಚ್ಚರಿಕೆಯನ್ನು ತೂಗಿನೋಡಿ ಶಮನಗೊಳಿಸುತ್ತದೆ. ಈ ಎಚ್ಚರಿಕೆಯ ತೀವ್ರತೆ ಎಲ್ಲರಲ್ಲಿಯೂ ಸಮನಾಗಿಲ್ಲ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಮತ್ತು ಸಂಗಡಿಗರು, ಎರಡರ ವಯಸ್ಸಿನಲ್ಲಿಯೇ ಹೊಸದನ್ನು ಕಂಡು ಹಿಂಜರಿಯುತ್ತಿದ್ದ ಮಕ್ಕಳನ್ನು ಗುರುತಿಸಿದ್ದರು. ಅವರಲ್ಲಿ ಕೆಲವರು ಪ್ರಾಯಕ್ಕೆ ಬಂದ ಮೇಲೆ ನಡೆಸಿದ ಮಿದುಳಿನ ಚಿತ್ರಣವು 2003ರಲ್ಲಿ ಪ್ರಕಟವಾಯಿತು. ಅಪರಿಚಿತ ಮುಖಗಳನ್ನು ಕಂಡಾಗ ಅವರ ಅಮಿಗ್ಡಲಾ, ಹಿಂಜರಿಕೆಯಿಲ್ಲದೆ ಬೆಳೆದವರದಕ್ಕಿಂತ ತೀವ್ರವಾಗಿ ಸ್ಪಂದಿಸಿತು.

ಹೀಗೆ ದತ್ತವಾದ ಸ್ವಭಾವದ ಮೇಲೆ ಒತ್ತಡವು ತನ್ನ ಗುರುತನ್ನು ಮೂಡಿಸುತ್ತದೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿ ಸುಮಂತ್ರ ಚಟ್ಟರ್ಜಿ ಮತ್ತು ಸಹೋದ್ಯೋಗಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗ ಇಲ್ಲಿ ಮುಖ್ಯವಾದುದು. ದೀರ್ಘಕಾಲದ ಒತ್ತಡದಿಂದ ನೆನಪಿಗೆ ನೆರವಾಗುವ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದರೆ, ಅಮಿಗ್ಡಲಾದಲ್ಲಿ ಅವು ಹಬ್ಬಿದವೆಂದು ಅವರು 2002ರಲ್ಲಿ ತೋರಿಸಿದರು. ಒತ್ತಡ ನಿಂತು 21 ದಿನಗಳಾದ ಮೇಲೆ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ, ಅಮಿಗ್ಡಲಾದ ಬದಲಾವಣೆ ಹಾಗೆಯೇ ಉಳಿದಿತ್ತೆಂದು 2004ರ ಅಧ್ಯಯನ ತಿಳಿಸಿತು. ಇಲಿಯ ವಿಷಯದಲ್ಲಿ ಕಂಡದ್ದನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಆದರೂ ಕಷ್ಟ ಕಳೆದ ಮೇಲೆಯೂ ಭಯ ಏಕೆ ಕಳೆಯದೆಂಬುದನ್ನು ಸಹಾನುಭೂತಿಯಿಂದ ಅರಿಯಲು ಇದು ನೆರವಾಗುತ್ತದೆ.

ಧರ್ಮಸಭೆಯ ಪರಂಪರೆಗೆ ಈ ಅರಿವು ಹೊರಗಿನದಲ್ಲ. ಸಂತ ಥಾಮಸ್ ಅಕ್ವಿನಾಸರ ಪ್ರಕಾರ ಭಾವಾವೇಗಗಳು ತಮ್ಮಷ್ಟಕ್ಕೆ ತಾವೇ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ವಿವೇಕ ಮತ್ತು ಸಂಕಲ್ಪಕ್ಕೆ ಒಳಪಟ್ಟಾಗಲೇ ಅವಕ್ಕೆ ನೈತಿಕ ಸ್ವರೂಪ ಬರುತ್ತದೆ. ಅರಿಸ್ಟಾಟಲನನ್ನು ಅನುಸರಿಸಿ ಅವರು, ವಿವೇಕವು ಭಾವಗಳನ್ನು ಆಳುವುದು ಯಜಮಾನನು ದಾಸನನ್ನು ಆಳುವಂತಲ್ಲ, ಎದುರಾಡಬಲ್ಲ ಸ್ವತಂತ್ರ ಪ್ರಜೆಗಳನ್ನು ಆಳುವಂತೆ ಎನ್ನುತ್ತಾರೆ. ಭಯ, ರೂಢಿ ಮತ್ತು ಮಾನಸಿಕ ಕಾರಣಗಳಿಂದ ಕೃತ್ಯದ ಹೊಣೆ ಕುಗ್ಗಬಹುದು, ಇಲ್ಲವಾಗಲೂಬಹುದು ಎಂದು ಕಥೋಲಿಕ ಧರ್ಮೋಪದೇಶವೂ 1735ನೆಯ ಪರಿಚ್ಛೇದದಲ್ಲಿ ಬೋಧಿಸುತ್ತದೆ.

ಹಾಗೆಂದು ಮಿದುಳಿನ ನೆಪದಿಂದ ಸ್ವಾತಂತ್ರ್ಯವನ್ನು ಅಲ್ಲಗಳೆಯಲಾಗದು. ಬಾಲ್ಯದಲ್ಲಿ ಹಿಂಜರಿದ ಮಕ್ಕಳೆಲ್ಲರೂ ಆತಂಕಗ್ರಸ್ತರಾಗಿ ಬೆಳೆಯಲಿಲ್ಲ. ಮೊದಲು ಉಕ್ಕುವ ಕೋಪವು ನಮ್ಮ ಆಯ್ಕೆಯಲ್ಲದಿರಬಹುದು. ಅದನ್ನು ಪೋಷಿಸಿ ಹಗೆಯಾಗಿಸುವುದರಲ್ಲಿ ನಮ್ಮ ಸಮ್ಮತಿ ಸೇರಿರುತ್ತದೆ. ಆದ್ದರಿಂದ ಪಾಪನಿವೇದನೆಯನ್ನು ಆಲಿಸುವ ಗುರುಗಳು "ಕೋಪ ಬಂದಿತೇ?" ಎಂಬಲ್ಲಿಗೆ ನಿಲ್ಲದೆ, "ಬಂದ ಮೇಲೆ ಏನು ಮಾಡಿದಿರಿ? ಈಚೆಗೆ ನಿದ್ರೆ ಹೇಗಿದೆ? ಮನೆಯಲ್ಲಿ ಏನು ಕಷ್ಟವಿದೆ?" ಎಂದು ಮೃದುವಾಗಿ ವಿಚಾರಿಸುವುದು ಲೇಸು. ಆತಂಕವು ದಿನನಿತ್ಯದ ಬದುಕನ್ನೇ ಕೆಡಿಸುತ್ತಿದ್ದರೆ ವೈದ್ಯರ ಬಳಿಗೆ ಕಳುಹಿಸುವುದೂ ಪಾಲನಾಸೇವೆಯೇ.

ಈಜೆಬೆಲಳ ಬೆದರಿಕೆಗೆ ಓಡಿಹೋಗಿ, ಅಡವಿಯಲ್ಲಿ ಸಾವನ್ನು ಬೇಡಿದ ಎಲೀಯನನ್ನು ದೇವದೂತನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಪ್ರವಾದಿ ಉಂಡು ಮತ್ತೆ ಮಲಗಿದನು. ಹೋರೇಬಿನಲ್ಲಿ ದೇವರು ಅವನಿಗೆ ಹೊಸ ಕಾರ್ಯವನ್ನು ಒಪ್ಪಿಸಿದ್ದು ಆ ಬಳಿಕವೇ.